ಹಳೆ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ತಡವರಿಸುತ್ತದೆಯೇ? ಎನ್‌ಹ್ಯಾನ್ಸ್ಡ್ ಎಚ್264ಇಫೈ ಹಾಕಿ ನೋಡಿ

ಇದು ಬ್ರೌಸರ್‌ಗೆ ಹಾಕಿಕೊಳ್ಳುವ ಚಿಕ್ಕ ಎಕ್ಸ್‌ಟೆನ್ಷನ್. ದುಡ್ಡು ಕೊಡಬೇಕಿಲ್ಲ. ನಮ್ಮ ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ, ಅಂದರೆ ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಇರುವುದರಲ್ಲಿ, ವರ್ಷಗಳಿಂದ ಬಳಸುತ್ತಿದ್ದೇನೆ. ಆ ಲ್ಯಾಪ್‌ಟಾಪ್ ಇನ್ನೂ ಮೂಲೆ ಸೇರದೆ ಇರುವುದಕ್ಕೆ ಮುಖ್ಯ ಕಾರಣ ಇದೇ.

ಅದರಲ್ಲಿ ನಾವು ಜಾಸ್ತಿ ನೋಡುವುದು ಯೂಟ್ಯೂಬಿನ ಯಕ್ಷಗಾನ. ಪುಂಡುವೇಷ (ಚುರುಕಿನ ತರುಣ ಪಾತ್ರ) ದಿಗಿಣ ಹಾಕುವಾಗ, ಅಂದರೆ ಸುತ್ತುತ್ತಾ ಹಾರುವಾಗ, ತೊಂದರೆ ಎದ್ದು ಕಾಣುತ್ತಿತ್ತು. ಭಾಗವತರ ಪದ, ಚೆಂಡೆಯ ಪೆಟ್ಟು ಎಲ್ಲ ಸರಿಯಾಗಿ ಕೇಳುತ್ತದೆ. ವೇಷ ಮಾತ್ರ ಗಾಳಿಯಲ್ಲೇ ನಿಂತುಬಿಡುತ್ತದೆ, ಮರುಕ್ಷಣ ರಂಗಸ್ಥಳದ ಇನ್ನೊಂದು ಕಡೆ ಇರುತ್ತದೆ. ಫ್ಯಾನ್ ಬೇರೆ ಜೋರಾಗಿ ಸದ್ದು ಮಾಡುತ್ತಿತ್ತು. ಹೀಗಾದರೆ ಎಲ್ಲರೂ ಮೊದಲು ಬೈಯುವುದು ನೆಟ್ಟಿಗೆ, ಅಲ್ವಾ? ದುಬಾರಿ ಪ್ಲಾನ್ ಹಾಕಿಸಿಕೊಳ್ಳುವ ಮೊದಲು ಒಂದು ಕೆಲಸ ಮಾಡಿ.

ವಿಡಿಯೋ ಓಡುತ್ತಿರುವಾಗಲೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. ಮೂಲೆಯಲ್ಲಿ ಕಪ್ಪು ಪಟ್ಟಿ ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಮೂರೇ ಸಾಲು. 'ಬಫರ್ ಹೆಲ್ತ್', ಅಂದರೆ ಮೊದಲೇ ಬಂದು ಕಾದಿರುವ ವಿಡಿಯೋ, ಸೊನ್ನೆಗೆ ಇಳಿಯುತ್ತಿದ್ದರೆ ತೊಂದರೆ ನೆಟ್ಟಿನದು, ಇಲ್ಲವೇ ವೈಫೈನದು. ಆಗ ಈ ಎಕ್ಸ್‌ಟೆನ್ಷನ್‌ನಿಂದ ಏನೂ ಉಪಯೋಗವಿಲ್ಲ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಬದಲಾಯಿಸಿ, ಅಥವಾ ಕೇಬಲ್ ಎಳೆಯಿರಿ. ಬಫರ್ ತುಂಬಿದ್ದೂ 'ಫ್ರೇಮ್ಸ್' ಸಾಲಿನಲ್ಲಿ 'ಡ್ರಾಪ್ಡ್' (ತೋರಿಸದೆ ಬಿಟ್ಟ ಚಿತ್ರಗಳ) ಸಂಖ್ಯೆ ಏರುತ್ತಲೇ ಇದ್ದರೆ ವಿಡಿಯೋ ನಿಮ್ಮ ಮನೆ ತನಕ ಚೆನ್ನಾಗಿಯೇ ಬಂದಿದೆ, ಅದನ್ನು ಬಿಡಿಸಿ ತೋರಿಸಲು ಲ್ಯಾಪ್‌ಟಾಪ್‌ಗೆ ಆಗುತ್ತಿಲ್ಲ. ಕೊನೆಗೆ 'ಕೋಡೆಕ್ಸ್' ಸಾಲು ನೋಡಿ. ಕೋಡೆಕ್ ಅಂದರೆ ವಿಡಿಯೋವನ್ನು ಚಿಕ್ಕದಾಗಿ ಕುಗ್ಗಿಸಿ ಕಳಿಸುವ, ಮತ್ತೆ ಬಿಡಿಸುವ ವಿಧಾನ. ನಮ್ಮಲ್ಲಿ ಅಲ್ಲಿ ವಿಪಿ09 ಅಂತ ಇತ್ತು.

ಗಂಟು ಇರುವುದು ಅಲ್ಲೇ. ವಿಪಿ9, ಎವಿ1 ಹೊಸ ಕೋಡೆಕ್‌ಗಳು. ಕಡಿಮೆ ಡೇಟಾದಲ್ಲಿ ಒಳ್ಳೆ ಚಿತ್ರ ಕೊಡುತ್ತವೆ, ಹಾಗಾಗಿ ಯೂಟ್ಯೂಬ್ ಅವನ್ನೇ ಹೆಚ್ಚಾಗಿ ಕಳಿಸುತ್ತದೆ. ಆದರೆ ಇಂಟೆಲ್ ಚಿಪ್‌ಗಳಲ್ಲಿ ವಿಪಿ9 ಬಿಡಿಸುವ ಪೂರ್ತಿ ವ್ಯವಸ್ಥೆ ಬಂದದ್ದು ಏಳನೇ ತಲೆಮಾರಿನಲ್ಲಿ, ಎವಿ1ಗೆ ಬಂದದ್ದು ಹನ್ನೊಂದನೆಯದರಲ್ಲಿ. ಅದಕ್ಕಿಂತ ಹಳೆಯವುಗಳಲ್ಲಿ ಪ್ರೊಸೆಸರ್ರೇ ಆ ಭಾರ ಹೊರಬೇಕು. 2003ರ ಹಳೆ ಕೋಡೆಕ್ ಎಚ್.264 ಆದರೆ ಹಳೆ ಚಿಪ್‌ಗೂ ಸಲೀಸು.

ಈ ಎಕ್ಸ್‌ಟೆನ್ಷನ್ ಮಾಡುವುದು ಇಷ್ಟೇ: 'ವಿಪಿ9 ಓಡಿಸಬಲ್ಲೆಯಾ' ಎಂದು ಯೂಟ್ಯೂಬ್ ಬ್ರೌಸರನ್ನು ಕೇಳಿದಾಗ 'ಇಲ್ಲ' ಅನ್ನಿಸುತ್ತದೆ. ಆಗ ಎಚ್.264 ಬರುತ್ತದೆ. ಹಾಕಿ, ಪುಟ ರಿಫ್ರೆಶ್ ಮಾಡಿದ ಮೇಲೆ ಅದೇ ಪ್ರಸಂಗದಲ್ಲಿ ಕೋಡೆಕ್ ಸಾಲು ಎವಿಸಿ1 (ಎಚ್.264ರದೇ ಇನ್ನೊಂದು ಹೆಸರು) ಆಯಿತು, 'ಡ್ರಾಪ್ಡ್' ಸಂಖ್ಯೆ ಏರುವುದು ನಿಂತಿತು. ಫ್ಯಾನ್ ತಣ್ಣಗಾಯಿತು. ದಿಗಿಣ ಕಣ್ತುಂಬ ಕಂಡಿತು. ನಿಜಕ್ಕೂ ಖುಷಿಯಾಯಿತು.

ಕೊರತೆಗಳೂ ಇವೆ. ಯೂಟ್ಯೂಬ್‌ನಲ್ಲಿ ಎಚ್.264 ಇರುವುದು 1080ಪಿ ತನಕ ಮಾತ್ರ, 4ಕೆ ಮಾಯವಾಗುತ್ತದೆ. ಹಳೆ ಲ್ಯಾಪ್‌ಟಾಪ್ ಪರದೆಗೆ ಅದೇನೂ ನಷ್ಟವಲ್ಲ. ಅದೇ ಗುಣಮಟ್ಟಕ್ಕೆ ಡೇಟಾ ಜಾಸ್ತಿ ಹೋಗುತ್ತದೆ, ಫೋನ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಗಮನಿಸಿ. ಎಕ್ಸ್‌ಟೆನ್ಷನ್‌ನ ಸೆಟ್ಟಿಂಗ್ಸ್‌ನಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ತಡೆಯುವ ಆಯ್ಕೆಯೂ ಇದೆ. ಅದನ್ನು ಸುಮ್ನೆ ಒತ್ತಬೇಡಿ, 60 ಎಫ್‌ಪಿಎಸ್ ವಿಡಿಯೋಗಳಲ್ಲಿ 480ಪಿ ಮೇಲಿನದು ಸಿಗದೆ ಹೋಗಬಹುದು. ಇನ್ನು ಹಳೆ ಕ್ಯಾಸೆಟ್‌ನಿಂದ ಏರಿಸಿದ ಪ್ರಸಂಗಗಳು ಮೂಲದಲ್ಲೇ ಮಸುಕು. ಅವನ್ನು ಯಾವ ಎಕ್ಸ್‌ಟೆನ್ಷನ್ನೂ ಸ್ಪಷ್ಟ ಮಾಡಲಾರದು.

ಇದನ್ನು ಹಾಕುವ ಮೊದಲು ಕ್ರೋಮ್ ಸೆಟ್ಟಿಂಗ್ಸ್‌ನ 'ಸಿಸ್ಟಮ್' ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆನ್ ಇದೆಯೇ ನೋಡಿಕೊಳ್ಳಿ. ಅದು ಆಫ್ ಇದ್ದರೆ ಎಚ್.264 ಕೂಡ ಪ್ರೊಸೆಸರ್ ತಲೆ ಮೇಲೇ ಬೀಳುತ್ತದೆ. ಫೈರ್‌ಫಾಕ್ಸ್‌ನಲ್ಲೂ 'ಪರ್ಫಾರ್ಮೆನ್ಸ್' ಕೆಳಗೆ ಇಂಥದೇ ಆಯ್ಕೆ ಇದೆ. ಹನ್ನೊಂದನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಇದ್ದರೆ ಈ ಎಕ್ಸ್‌ಟೆನ್ಷನ್ ಬೇಡವೇ ಬೇಡ, ಡೇಟಾ ದಂಡ. ಅದಕ್ಕಿಂತ ಹಳೆಯದಿದ್ದು 'ಡ್ರಾಪ್ಡ್' ಏರುತ್ತಿದ್ದರೆ ಇವತ್ತೇ ಹಾಕಿ.