‘ಥ್ಯಾಕರೆ’ ಅಡ್ಡಹೆಸರಿನ ಪಟ ತರಿಸಿದೆ: ಫ್ರೇಮು ಗಟ್ಟಿ, ಬರಹ ತಪ್ಪು

ಐದರಲ್ಲಿ ಎರಡು ಸ್ಟಾರ್ ಕೊಡ್ತೀನಿ. ಅದು ಫ್ರೇಮಿಗೆ ಮತ್ತು ಕಾಗದಕ್ಕೆ. ಬರಹಕ್ಕೆ ಏನೂ ಕೊಡಲಾರೆ.

ನಾನು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಪಾಠಪುಸ್ತಕದಲ್ಲಿ ಇರಲಿ, ಬಿಡಲಿ, ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ನಾನು ಕಿತ್ತೂರಿನ ಕಥೆ ಹೇಳುತ್ತೇನೆ. 1824ರಲ್ಲಿ ಅದೇ ದಿನ ಚೆನ್ನಮ್ಮನ ಸೈನ್ಯದ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಹೊಡೆದವನು ಅಮಟೂರ ಬಾಳಪ್ಪ ಎಂದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕಥೆ ಇಲ್ಲಿಗೆ ಬಂದ ತಕ್ಷಣ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. "ಸರ್, ಠಾಕ್ರೆ ಅಂದ್ರ ಮುಂಬೈಯವ್ರಲ್ರಿ?"

ಪ್ರಶ್ನೆ ತಪ್ಪಲ್ಲ. ಮಹಾರಾಷ್ಟ್ರದಲ್ಲಿ ಬೆಳೆಯುವ ಮಗುವಿಗೆ ಆ ಹೆಸರು ದಿನಾ ಕಿವಿಗೆ ಬೀಳುತ್ತದೆ. ಅಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುವುದು ನನಗೆ ಸರಿ ಅನ್ನಿಸಲಿಲ್ಲ. ಆ ಇಂಗ್ಲಿಷ್ ಹೆಸರಿಗೆ ಏನರ್ಥ, ಎಲ್ಲಿಂದ ಬಂತು ಅಂತ ಗೋಡೆಗೆ ತೂಗುಹಾಕಿ ತೋರಿಸಬೇಕು ಅನ್ನಿಸಿತು. ಹಾಗಾಗಿ ಆನ್‌ಲೈನ್‌ನಲ್ಲಿ ಅಡ್ಡಹೆಸರಿನ ಚರಿತ್ರೆ ಪ್ರಿಂಟ್ ಮಾಡಿ ಫ್ರೇಮ್ ಹಾಕಿ ಕಳಿಸುವ ಒಂದು ಅಂಗಡಿಗೆ ಆರ್ಡರ್ ಕೊಟ್ಟೆ. 1,450 ರೂಪಾಯಿ. ಕೊರಿಯರ್‌ನವನು ನಮ್ಮ ಹಳ್ಳಿಗೆ ಬರಲ್ಲ ಅಂದ. ಬಸ್ಸಿನಲ್ಲಿ ಜತ್ತಕ್ಕೆ ಹೋಗಿ ಪೊಟ್ಟಣ ತಂದೆ.

ನೋಡಲು ಚೆಂದ ಇದೆ, ಸುಳ್ಳು ಹೇಳಬಾರದು. ಕಟ್ಟಿಗೆ ಗಟ್ಟಿ, ಗಾಜಿಗೆ ಒಂದು ಗೀರೂ ಇಲ್ಲ. ಕಾಗದ ದಪ್ಪ, ಅಂಚನ್ನು ಹಳೆ ಕಾಗದದ ಹಾಗೆ ಕಂದು ಮಾಡಿದ್ದಾರೆ. ನಡುವೆ ಒಂದು ದೊಡ್ಡ ಗುರಾಣಿ, ಬಂಗಾರ ಬಣ್ಣದ್ದು. ಕೆಳಗೆ ಏಳೆಂಟು ಸಾಲು ಇಂಗ್ಲಿಷ್. ಥ್ಯಾಕರೆ ಅಂದರೆ ಮನೆ ಮೇಲೆ ಹುಲ್ಲು ಹೊದಿಸುವವನು, ಇದು ಬ್ರಿಟನ್ನಿನ ಮಹಾ ಪ್ರಸಿದ್ಧ ವೀರ ಮನೆತನ, ಈ ಗುರಾಣಿ ಆ ಹೆಸರಿನ ಎಲ್ಲರದು. ಅಷ್ಟೇ. ಊರಿಲ್ಲ, ವರ್ಷ ಇಲ್ಲ.

ನನಗೆ ಅನುಮಾನ ಬಂತು. ತಂಗಿಯ ಮಗಳು ಧಾರವಾಡದಲ್ಲಿ ಓದುತ್ತಾಳೆ. ಲೈಬ್ರರಿಯಲ್ಲಿ ಇಂಗ್ಲಿಷ್ ಅಡ್ಡಹೆಸರುಗಳ ಕೋಶ ಇದ್ದರೆ ಆ ಪುಟದ ಫೋಟೋ ಕಳಿಸು ಅಂದೆ. ಎರಡು ದಿನದಲ್ಲಿ ಕಳಿಸಿದಳು. ಓದಿ ನನಗೆ ಖುಷಿಯೂ ಆಯಿತು, ಅಂಗಡಿಯವರ ಮೇಲೆ ಸಿಟ್ಟೂ ಬಂತು.

ಥ್ಯಾಕರೆ ಕಸುಬಿನ ಹೆಸರೇ ಅಲ್ಲ. ಊರಿನ ಹೆಸರು. ಹುಲ್ಲು ಹೊದಿಸುವವನು ಅಂದರೆ ಥ್ಯಾಕರ್, ಇಲ್ಲವೇ ಥ್ಯಾಚರ್. ಇಂಗ್ಲೆಂಡಿನ ಪ್ರಧಾನಿ ಆಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಗಂಡನ ಮನೆಯ ಹೆಸರು ಆ ಸಾಲಿನದು. ಥ್ಯಾಕರೆ ಹುಟ್ಟಿದ್ದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಸಮುದ್ರ ದಾಟಿ ಬಂದ ವೈಕಿಂಗರು 866ರಲ್ಲಿ ಯಾರ್ಕ್ ಪಟ್ಟಣ ಹಿಡಿದರು. ಆಮೇಲೆ ಸುತ್ತಲ ಸೀಮೆಯಲ್ಲೇ ಹೊಲ ಹಿಡಿದು ಉಳಿದರು. ಅವರ ನಾರ್ಸ್ ಭಾಷೆಯಲ್ಲಿ ‘ಥಾಕ್’ ಅಂದರೆ ಸೂರಿಗೆ ಹಾಕುವ ಹುಲ್ಲು, ಜೊಂಡು. ‘ವ್ರಾ’ ಅಂದರೆ ಮೂಲೆ. ಎರಡೂ ಕೂಡಿ ಜೊಂಡು ಬೆಳೆಯುವ ಮೂಲೆ. ನಮ್ಮ ಮಾತಿನಲ್ಲಿ ಹೇಳೋದಾದರೆ ‘ಜೊಂಡಿನಮೂಲಿ’. ನಮ್ಮ ಕಡೆ ಯಾರಾದರೂ ‘ಜೊಂಡಿನಮೂಲಿ’ ಅಂತ ಅಡ್ಡಹೆಸರು ಹೇಳಿದರೆ ಯಾರೂ ಎರಡನೇ ಸಲ ಕೇಳೋದಿಲ್ಲ, ಅಲ್ವಾ?

ಆ ಹೆಸರಿನ ಒಂದು ಊರೂ ಇತ್ತು. ಯಾರ್ಕ್‌ಶೈರ್‌ನ ವಾಶ್‌ಬರ್ನ್ ನದಿಯ ಕಣಿವೆಯಲ್ಲಿ ಒಂದು ಸಣ್ಣ ವಸ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಲೀಡ್ಸ್ ಪಟ್ಟಣಕ್ಕೆ ಕುಡಿಯುವ ನೀರಿಗಾಗಿ ಫ್ಯೂಸ್ಟನ್ ಅನ್ನುವಲ್ಲಿ ಕೆರೆ ಕಟ್ಟಿದರು. ಆ ಜಾಗ ಈಗ ನೀರಿನ ತಳದಲ್ಲಿದೆ. ಊರು ಹೋಗಿ ಹೆಸರು ಉಳಿದಿದೆ. ಇಂಥ ಮಾತು ಆ ಪಟದಲ್ಲಿ ಒಂದು ಸಾಲು ಇದ್ದಿದ್ದರೂ ಸಾಕಿತ್ತು. ಗುರಾಣಿ ಚಿತ್ರ ಇಷ್ಟು ದೊಡ್ಡದು ಹಾಕುವ ಬದಲು ಆ ಜಾಗದಲ್ಲಿ ಇದನ್ನೇ ಬರೆಯಬಹುದಿತ್ತು.

ಗುರಾಣಿಯ ಮಾತಂತೂ ಪೂರಾ ತಪ್ಪು. ಇಂಗ್ಲೆಂಡಿನಲ್ಲಿ ಇಂಥ ಲಾಂಛನ ಕೊಡಲಿಕ್ಕೆ 1484ರಿಂದ ಲಂಡನ್ನಿನಲ್ಲಿ ‘ಕಾಲೇಜ್ ಆಫ್ ಆರ್ಮ್ಸ್’ ಎಂಬ ಕಚೇರಿ ಇದೆ. ಅವರು ಕೊಡುವುದು ಒಬ್ಬ ಮನುಷ್ಯನಿಗೆ. ಅವನಿಂದ ಅವನ ವಂಶಕ್ಕೆ. ಅಡ್ಡಹೆಸರು ಒಂದೇ ಅಂತ ಯಾರಿಗೂ ಲಾಂಛನ ಬರೋದಿಲ್ಲ. ದೇಸಾಯಿ ಅನ್ನುವ ಎಲ್ಲರಿಗೂ ಕಿತ್ತೂರ ಕೋಟೆ ಬರುತ್ತದಾ?

ಮಹಾ ಪ್ರಸಿದ್ಧ ಅನ್ನೋದೂ ಸರಿಯಲ್ಲ. ಇದು ಇಂಗ್ಲೆಂಡಿನಲ್ಲಿ ಅಪರೂಪದ ಹೆಸರು. ಥ್ಯಾಕ್ರೇ, ಥ್ಯಾಕ್ರಿ, ಥ್ಯಾಕ್ರಾ ಅಂತ ನಾಲ್ಕಾರು ರೂಪ ಇವೆ. ಅವೂ ಜಾಸ್ತಿ ಸಿಗುವುದು ಹುಟ್ಟಿದ ಸೀಮೆಯಲ್ಲೇ, ಲೀಡ್ಸ್ ಸುತ್ತಮುತ್ತ. ಲೀಡ್ಸ್‌ನಲ್ಲಿ ಥ್ಯಾಕ್ರೇ ಹೆಸರಿನ ವೈದ್ಯಕೀಯ ಮ್ಯೂಸಿಯಂ ಇದೆ. ಅದೇ ಊರಿನ ಡಾಕ್ಟರ್ ಚಾರ್ಲ್ಸ್ ಟರ್ನರ್ ಥ್ಯಾಕ್ರಾ 1831ರಲ್ಲೇ, ಯಾವ ಕಸುಬಿನಿಂದ ಕೆಲಸಗಾರರಿಗೆ ಯಾವ ರೋಗ ಬರುತ್ತದೆ ಅಂತ ಪುಸ್ತಕ ಬರೆದ. ಹೊರಗಿನವರಿಗೆ ಹೆಸರು ಗೊತ್ತಾಗಿದ್ದು ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯಿಂದ. ಆತ ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. ಕಿತ್ತೂರಿನಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ ಅವನ ಕಾಕಾ. ಸುದ್ದಿ ಇಂಗ್ಲೆಂಡ್ ಮುಟ್ಟಿದಾಗ ಆ ಹುಡುಗ ನಮ್ಮ ಶಾಲೆಯ ಏಳೆಂಟನೇ ಇಯತ್ತೆಯ ಮಕ್ಕಳ ವಯಸ್ಸಿನವನು.

ಇನ್ನು ಮುಂಬೈಯ ಹೆಸರು. ಅಲ್ಲಿ ಮೂಲ ಮರಾಠಿ ಹೆಸರು ಠಾಕರೆ. ಶಿವಸೇನೆ ಕಟ್ಟಿದ ಬಾಳ ಠಾಕರೆ ಅವರ ತಂದೆ, ಪ್ರಬೋಧನಕಾರ ಕೇಶವ ಸೀತಾರಾಮ ಠಾಕರೆ ಅವರಿಗೆ ಈ ಕಾದಂಬರಿಕಾರನ ಬರಹ ಬಹಳ ಮೆಚ್ಚುಗೆ. ಅದಕ್ಕೇ ಇಂಗ್ಲಿಷಿನಲ್ಲಿ ಅವನ ಅಕ್ಷರಗಳನ್ನೇ ಬಳಸಿದರು ಅಂತ ಹೇಳುತ್ತಾರೆ. ಅಕ್ಷರ ಒಂದೇ, ಬೇರು ಬೇರೆ. ಹಿಂದಿನ ಬೆಂಚಿನ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಅಂಗಡಿಗೆ ಮೂರು ಸಲ ಮೇಲ್ ಬರೆದೆ. ಕೋಶದ ಪುಟದ ಫೋಟೋನೂ ಹಚ್ಚಿ ಕಳಿಸಿದೆ. ಮೂರಕ್ಕೂ ಒಂದೇ ಸಿದ್ಧ ಉತ್ತರ ಬಂತು: ನಿಮ್ಮ ಮನೆತನದ ಹೆಮ್ಮೆಯಲ್ಲಿ ನಾವೂ ಪಾಲುದಾರರು. ಅದು ನನ್ನ ಮನೆತನ ಅಲ್ಲ ಅಂತ ಮೊದಲ ಮೇಲಿನಲ್ಲೇ ಬರೆದಿದ್ದೆ. ದುಡ್ಡು ವಾಪಸ್ ಬರಲಿಲ್ಲ, ತಿದ್ದಿದ ಕಾಗದವೂ ಬರಲಿಲ್ಲ. ಮಾಸ್ತರನ ಪಗಾರದಲ್ಲಿ 1,450 ಸಣ್ಣ ಮೊತ್ತ ಅಲ್ಲ. ಅದಕ್ಕಿಂತ ಹೆಚ್ಚು ನೋವಾಗಿದ್ದು ಬೇರೆ ವಿಷಯಕ್ಕೆ. ನಾನು ಪರೀಕ್ಷಿಸದೆ ತೂಗುಹಾಕಿದ್ದರೆ ಮಕ್ಕಳು ತಪ್ಪನ್ನೇ ಕಲಿಯುತ್ತಿದ್ದರು.

ಫ್ರೇಮು ವ್ಯರ್ಥ ಮಾಡಲಿಲ್ಲ. ಹಿಂದಿನ ಮೊಳೆ ಕಿತ್ತು ಕಾಗದ ತೆಗೆದೆ. ಎಂಟನೇ ಇಯತ್ತೆಯವರು ಹೊಸದನ್ನು ಕನ್ನಡದಲ್ಲಿ ಬರೆದರು. ಎಡಕ್ಕೆ ಥ್ಯಾಕರೆಯ ಕಥೆ. ಬಲಕ್ಕೆ ನಮ್ಮ ಸೀಮೆಯ ಅಡ್ಡಹೆಸರುಗಳು. ಊರಿನಿಂದ ಬಂದವು ಮೊದಲು: ನಮ್ಮ ತಾಲೂಕಿನ ಉಮದಿಯಿಂದ ಉಮದಿಕರ, ಮುಧೋಳ, ಹಾನಗಲ್ಲ. ಆಮೇಲೆ ಉಳ್ಳಾಗಡ್ಡಿ, ಮೆಣಸಿನಕಾಯಿ. ಒಬ್ಬ ಹುಡುಗಿ ಎದ್ದು ನಿಂತು, ತನ್ನ ತಾಯಿಯ ತವರುಮನೆ ಹಳೆ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿ ನೀರಿನಲ್ಲಿ ಹೋಯಿತು ಅಂದಳು. ಫ್ಯೂಸ್ಟನ್ ಕೆರೆಯ ಸಾಲನ್ನು ಅವಳ ಕೈಯಿಂದಲೇ ಬರೆಸಿದೆ.

ನಡುವಿನ ಗುರಾಣಿಯ ಜಾಗದಲ್ಲಿ ಊರ ಕೆರೆಯ ಒಂದು ಗೇಣು ಜೊಂಡು ಕೊಯ್ದು ತಂದು ಅಂಟಿಸಿದ್ದೇವೆ. ಈಗ ಒಣಗಿ ಹಳದಿಯಾಗಿದೆ, ತುದಿಯಿಂದ ಅರಳೆಯಂಥದು ಉದುರಿ ಗಾಜಿಗೆ ಒಳಗಿನಿಂದ ಹತ್ತಿದೆ. ಬರುವ ಅಕ್ಟೋಬರಿಗೆ ಹೊಸದು ಹಾಕಬೇಕು.