ಟೀಪಾಯಿಯ ಮೇಲೊಂದು ಹಿತ್ತಾಳೆ ಹರಿವಾಣ: ಎಂಟು ತಿಂಗಳ ಬಳಕೆಯ ಬಳಿಕ

ನಮ್ಮ ನಡುಮನೆಯ ಟೀಪಾಯಿಯ ಮೇಲೆ ಯಾವ ಹೊತ್ತಿನಲ್ಲಿ ನೋಡಿದರೂ ಎರಡು ರಿಮೋಟು, ಒಂದು ಕನ್ನಡಕದ ಡಬ್ಬಿ, ಮುಚ್ಚಳ ಕಳೆದುಕೊಂಡ ಪೆನ್ನು, ಮೊಣಕಾಲಿಗೆ ತಿಕ್ಕುವ ತೈಲದ ಬಾಟಲಿ, ಊದುಬತ್ತಿಯ ಸ್ಟ್ಯಾಂಡು ಮತ್ತು ಯಾರದೋ ಮದುವೆಯ ಕರೆಯೋಲೆ ಇದ್ದೇ ಇರುತ್ತಿದ್ದವು. ಎಲ್ಲವೂ ದಿನಬಳಕೆಯವೇ ಆದ್ದರಿಂದ ಯಾವುದನ್ನೂ ಅಲ್ಲಿಂದ ಓಡಿಸುವಂತಿರಲಿಲ್ಲ. ಇವುಗಳಿಗೆ ಒಂದು ಎಲ್ಲೆಯನ್ನಾದರೂ ಕಟ್ಟೋಣವೆಂದು ಅಲಂಕಾರದ ಲೋಹದ ತಟ್ಟೆಯೊಂದನ್ನು ಕೊಳ್ಳಲು ಹೊರಟೆ. ಮೊದಲನೆಯ ಖರೀದಿಯಲ್ಲಿ ಎಡವಿ ಎರಡನೆಯದರಲ್ಲಿ ಸುಧಾರಿಸಿಕೊಂಡವಳು ಬರೆದ ವಿಮರ್ಶೆ ಇದು. ಎರಡನೆಯ ತಟ್ಟೆಯನ್ನು ಕೊಂಡದ್ದು ಸಂಕ್ರಾಂತಿಯ ಮರುವಾರ; ಈಗ ಗಣೇಶನ ಹಬ್ಬ ಮುಗಿದಿದೆ, ನಡುವೆ ಇಡೀ ಒಂದು ಮಳೆಗಾಲ ಅದರ ಮೇಲೆ ಹಾದುಹೋಗಿದೆ.

ಮೊದಲನೆಯದನ್ನು ಆನ್‌ಲೈನಿನಲ್ಲಿ 899 ರೂಪಾಯಿಗೆ ತರಿಸಿದ್ದೆ. ಚಿತ್ರದಲ್ಲಿ ಹೊನ್ನಿನಂತೆ ಹೊಳೆಯುತ್ತಿದ್ದ ಅದರ ವಿವರದಲ್ಲಿ ಲೋಹ ಎಂಬ ಒಂದೇ ಪದವಿತ್ತು. ಯಾವ ಲೋಹವೆಂದು ನಾನು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ. ಮೂರು ವಾರ ಚೆನ್ನಾಗಿಯೇ ಇತ್ತು. ಬಳಿಕ ತಣ್ಣೀರಿನ ಲೋಟ ಇಡುತ್ತಿದ್ದ ಜಾಗದಲ್ಲಿ ಬಳೆಯಷ್ಟು ಅಗಲದ ಕಂದು ಕಲೆ ಮೂಡಿತು. ಅದರ ಮೇಲೆ ಬೆರಳಾಡಿಸಿದಾಗ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದುಬಂದು, ಕೆಳಗೆ ತುಕ್ಕು ಹಿಡಿದ ಕಬ್ಬಿಣದ ತಗಡು ಕಾಣಿಸಿತು. ನಮ್ಮ ಹಿರಿಯರು ಇಂಥದ್ದನ್ನು ಗಿಲೀಟು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಕಬ್ಬಿಣಕ್ಕೆ ಕೊಟ್ಟ ತೆಳು ಲೇಪ ಒಂದು ಕಡೆ ಗೀರಿದರೂ ಸಾಕು, ನೀರಿನ ಪಸೆ ಅಲ್ಲಿಂದ ಒಳಗಿಳಿದು ಲೇಪದ ಅಡಿಯಲ್ಲಿಯೇ ತುಕ್ಕನ್ನು ಹರಡುತ್ತ ಹೋಗುತ್ತದೆ. ಅಷ್ಟು ಹೊತ್ತಿಗೆ ಹಿಂತಿರುಗಿಸುವ ಗಡುವು ದಾಟಿಹೋಗಿತ್ತು.

ಎರಡನೆಯ ಸಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಪರ್ಸಿನಲ್ಲಿಟ್ಟುಕೊಂಡು ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದಕ್ಕೆ ಹೋದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿತೆಂದರೆ ಒಳಗಿರುವುದು ಕಬ್ಬಿಣವೆಂದೇ ತಿಳಿಯಬೇಕು. ಅಂಟದಿದ್ದ ಮಾತ್ರಕ್ಕೆ ಹಿತ್ತಾಳೆಯೆಂದು ನಂಬುವಂತೆಯೂ ಇಲ್ಲ, ಏಕೆಂದರೆ ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಆದರೆ ಅದೇ ಗಾತ್ರದ ಹಿತ್ತಾಳೆ ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಭಾರವಿರುವುದರಿಂದ ಕೈಗೆತ್ತಿಕೊಂಡಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಆರಿಸಿದ ದುಂಡನೆಯ ತಟ್ಟೆ 12 ಅಂಗುಲ ಅಗಲದ್ದು, ಅಂಚು ಒಂದು ಅಂಗುಲ ಎತ್ತರದ್ದು, ಎರಡು ಬದಿಗೂ ಹಿಡಿಕೆಗಳಿವೆ. ತಕ್ಕಡಿಯಲ್ಲಿ 960 ಗ್ರಾಂ ತೂಗಿತು. ತೂಕದ ಲೆಕ್ಕದಲ್ಲಿ 1,150 ರೂಪಾಯಿ ತೆಗೆದುಕೊಂಡರು. ಮಾಲು ಮುರಾದಾಬಾದಿನದು ಎಂದರು, ನನಗೆ ಆಶ್ಚರ್ಯವಾಗಲಿಲ್ಲ. ಉತ್ತರ ಪ್ರದೇಶದ ಆ ಊರಿಗೆ ಹಿತ್ತಾಳೆಯ ಊರೆಂದೇ ಹೆಸರಿದೆ.

ಮನೆಗೆ ತಂದ ದಿನವೇ ಅದನ್ನು ಕಂಡ ನಮ್ಮತ್ತೆಯವರು, "ಇದು ಹರಿವಾಣವಲ್ಲವೇ, ಇದಕ್ಕೇಕೆ ಟ್ರೇ ಎನ್ನುತ್ತೀ?" ಎಂದರು. ಅವರ ಮಾತು ಸರಿಯೇ. ಅಂಚೆದ್ದ ಅಗಲವಾದ ತಟ್ಟೆಗೆ ಕನ್ನಡದಲ್ಲಿ ಮೊದಲಿನಿಂದಲೂ ಹೆಸರಿರುವಾಗ, ಹಿಡಿಕೆ ಬಂದ ಮಾತ್ರಕ್ಕೆ ಅದನ್ನು ಬದಲಿಸಬೇಕಾಗಿಲ್ಲ.

ಇನ್ನು ಕೆಲಸದ ಮಾತು. ಈ ಹರಿವಾಣದ ಬೆಲೆಯೆಲ್ಲ ಅದರ ಅಂಚಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದೇ ರಿಮೋಟು, ಅದೇ ಕನ್ನಡಕದ ಡಬ್ಬಿ, ಅದೇ ತೈಲದ ಬಾಟಲಿ ಬರಿಯ ಮರದ ಮೇಲೆ ಹರಡಿಕೊಂಡಿದ್ದಾಗ ಬೇರೆ ಬೇರೆ ಸಾಮಾನುಗಳಾಗಿ ಕಾಣುತ್ತಿದ್ದವು. ಒಂದು ಅಂಗುಲದ ಅಂಚಿನೊಳಗೆ ಕುಳಿತ ಕೂಡಲೇ ಒಂದೇ ಗುಂಪಾಗಿ, ಬೇಕೆಂದೇ ಇಟ್ಟಂತೆ ಕಾಣತೊಡಗಿದವು. ಇದಕ್ಕಿಂತ ದೊಡ್ಡ ಉಪಕಾರ ಬೆಳಗಿನ ಒರೆಸುವಿಕೆಯಲ್ಲಿ ಆಗಿದೆ. ಮೊದಲು ಒಂದೊಂದನ್ನೇ ಎತ್ತಿ, ಒರೆಸಿ, ಮತ್ತೆ ಇಡುವ ಬೇಸರಕ್ಕೆ ಟೀಪಾಯಿಯ ಧೂಳನ್ನು ಎಷ್ಟೋ ದಿನ ಹಾಗೆಯೇ ಬಿಟ್ಟದ್ದುಂಟು. ಈಗ ಹಿಡಿಕೆಗಳನ್ನು ಹಿಡಿದು ಎಲ್ಲವನ್ನೂ ಒಂದೇ ಸಲ ಎತ್ತಿ ಸೋಫಾದ ಮೇಲಿಟ್ಟರೆ ಮರ ಪೂರ್ತಿಯಾಗಿ ಒರೆಸಲು ಸಿಗುತ್ತದೆ. ಆದ್ದರಿಂದ ಹಿಡಿಕೆಯಿಲ್ಲದ, ಅಂಚು ತೀರ ತಗ್ಗಾಗಿರುವ ತಟ್ಟೆಗಳು ಎಷ್ಟೇ ಚೆಂದವಿದ್ದರೂ ಟೀಪಾಯಿಗೆ ಒಗ್ಗುವುದಿಲ್ಲ. ಹಿಡಿಕೆಗಳನ್ನು ಬೆಸುಗೆ ಹಾಕಿದ್ದಾರೆಯೇ, ಮೊಳೆ ಬಡಿದು ಬಿಗಿದಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ನನ್ನದರಲ್ಲಿ ಬದಿಗೆ ಎರಡೆರಡು ಮೊಳೆಗಳಿವೆ, ಇದುವರೆಗೆ ಅಲುಗಾಡಿಲ್ಲ.

ಜೋಡಿಸುವ ರೀತಿಯನ್ನು ಕಂಡುಕೊಳ್ಳಲು ಒಂದು ತಿಂಗಳು ಹಿಡಿಯಿತು. ಆರಂಭದಲ್ಲಿ ಹೂದಾನಿ, ಪುಟ್ಟ ಆನೆ, ಮೇಣದಬತ್ತಿ ಎಂದು ಅಂಚಿನವರೆಗೂ ತುಂಬಿದ್ದರಿಂದ ಅದು ಶೋಕೇಸಿನ ಒಂದು ಅಂಕಣ ಕೆಳಗಿಳಿದು ಬಂದಂತೆ ಕಾಣುತ್ತಿತ್ತು. ಈಗ ಎತ್ತರಕ್ಕೆ ಒಂದೇ ವಸ್ತು, ಅಂದರೆ ಮನಿಪ್ಲಾಂಟಿನ ಎರಡು ಎಲೆ ಇಟ್ಟ ಹಳೆಯ ತಾಮ್ರದ ಗಿಂಡಿ; ಅದರ ಪಕ್ಕದಲ್ಲಿ ತಗ್ಗಾದ ಮರದ ಡಬ್ಬಿ, ಪೆನ್ನು ಮತ್ತು ತೈಲದ ಬಾಟಲಿ ಅದರೊಳಗೆ; ಮುಂದೆ ಅಡ್ಡಲಾಗಿ ರಿಮೋಟುಗಳು. ಮೂರರಲ್ಲಿ ಒಂದು ಪಾಲು ಜಾಗ ಖಾಲಿ. ಆ ಖಾಲಿ ಜಾಗ ಅಲಂಕಾರಕ್ಕಷ್ಟೇ ಅಲ್ಲ, ಯಾರಾದರೂ ಕಳಚಿಟ್ಟ ಕನ್ನಡಕಕ್ಕೂ ಬೇಕು. ನಮ್ಮ ಟೀಪಾಯಿ 36 ಅಂಗುಲ ಉದ್ದದ್ದಾದ್ದರಿಂದ ಹರಿವಾಣ ಉದ್ದದ ಮೂರನೆಯ ಒಂದು ಭಾಗವನ್ನಷ್ಟೇ ಹಿಡಿದು, ಬಂದವರ ಮುಂದೆ ಕಾಫಿ ಲೋಟ ಮತ್ತು ಕೋಡುಬಳೆಯ ತಟ್ಟೆ ಇಡಲು ಧಾರಾಳವಾಗಿ ಜಾಗ ಬಿಡುತ್ತದೆ. ನೆಂಟರು ಬಂದಾಗ ಲೋಟ ಇಡಲು ಜಾಗವಿಲ್ಲದ ಟೀಪಾಯಿ ನನ್ನ ದೃಷ್ಟಿಯಲ್ಲಿ ಟೀಪಾಯಿಯೇ ಅಲ್ಲ.

ದೋಷಗಳೂ ಇವೆ. ತಳಕ್ಕೆ ಯಾವ ಮೆತ್ತೆಯನ್ನೂ ಕೊಟ್ಟಿಲ್ಲವಾದ್ದರಿಂದ ಎರಡನೆಯ ದಿನವೇ ತೇಗದ ಪಾಲಿಶಿನ ಮೇಲೆ ಬಿಲ್ಲಿನಂಥ ಗೀರು ಬಿತ್ತು. ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆಗಳನ್ನು ನಾಲ್ಕು ಕಡೆ ಅಂಟಿಸಿದ ಮೇಲೆ ಗೀರೂ ನಿಂತಿತು, ಕೀಲಿಕೈ ಎಸೆದಾಗಿನ ಝಣತ್ಕಾರವೂ ಅರ್ಧಕ್ಕಿಳಿಯಿತು. ಹತ್ತಿಪ್ಪತ್ತು ರೂಪಾಯಿಯ ಈ ಬಿಲ್ಲೆಗಳನ್ನು ತಯಾರಕರೇ ಏಕೆ ಅಂಟಿಸುವುದಿಲ್ಲವೋ ನಾನರಿಯೆ.

ಹೊಳಪಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯ ಹಿತ್ತಾಳೆಯ ಅಲಂಕಾರದ ಸಾಮಾನುಗಳಿಗೆ ಸಾಮಾನ್ಯವಾಗಿ ಗಾಜಿನಂತೆ ಪಾರದರ್ಶಕವಾದ ಮೆರುಗೆಣ್ಣೆಯನ್ನು ಬಳಿದಿರುತ್ತಾರೆ; ಗಾಳಿ ಲೋಹವನ್ನು ಮುಟ್ಟದಂತೆ ಅದು ತಡೆಯುವುದರಿಂದ ಬೇಗ ಕಪ್ಪಾಗುವುದಿಲ್ಲ. ಇಂಥ ತಟ್ಟೆಯನ್ನು ಪೂಜಾ ಪಾತ್ರೆಗಳ ಜೊತೆಗೆ ಹುಣಸೆಹುಳಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದರೆ ನಾರು ಮೆರುಗೆಣ್ಣೆಯನ್ನು ಅಲ್ಲಲ್ಲಿ ಕಿತ್ತುಹಾಕಿ, ಕಿತ್ತ ಕಡೆ ಕಪ್ಪಾಗಿ ಉಳಿದ ಕಡೆ ಹೊಳೆಯುವ ಚರ್ಮರೋಗದಂಥ ರೂಪ ಬರುತ್ತದೆ. ನನ್ನದಕ್ಕೆ ಲೇಪವಿದೆಯೇ ಎಂದು ತಿಳಿಯಲು ತಳದಲ್ಲಿ ಹುಣಸೆಹುಳಿಯ ಒಂದು ಚುಕ್ಕೆ ಹಚ್ಚಿ ಎರಡು ನಿಮಿಷದ ಬಳಿಕ ಒರೆಸಿದೆ, ಬಣ್ಣ ತಿಳಿಯಾಯಿತು. ಹುಳಿ ಲೋಹವನ್ನು ಮುಟ್ಟಿತ್ತು, ಅಂದರೆ ಲೇಪವಿರಲಿಲ್ಲ. ಹೀಗಾಗಿ ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಒಂದೂವರೆ ತಿಂಗಳಿಗೊಮ್ಮೆ ಉಜ್ಜಬೇಕಾಗುತ್ತದೆ. ಉಜ್ಜಿ ತೊಳೆದ ಮೇಲೆ ಒಣಬಟ್ಟೆಯಿಂದ ಪೂರ್ತಿ ಒರೆಸದಿದ್ದರೆ ಹಿಡಿಕೆಯ ಬುಡದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಈ ಕೆಲಸಕ್ಕೆ ಬೇಸರಪಡುವವರು ಲೇಪವಿರುವುದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ನನಗೆ ಸ್ವಲ್ಪ ಮಬ್ಬಾದ ಹಿತ್ತಾಳೆಯ ಬಣ್ಣವೇ ಇಷ್ಟ.

ಅದೇ ವಾರ ಬೀದರಿನ ಬಿದರಿ ಕೆಲಸದ ತಟ್ಟೆಯೊಂದನ್ನೂ ನೋಡಿದ್ದೆ; ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿಗಳು, ಕಣ್ಣು ಕೀಳಲಾಗಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಕಲಸಿದ ನೀರಿನಿಂದ ಕಪ್ಪಾಗಿಸುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿಗೆ ಹುಳಿಯೂ ಉಜ್ಜುವ ಪುಡಿಯೂ ಶತ್ರುಗಳು, ಮೆತ್ತನೆಯ ಒಣಬಟ್ಟೆಯಷ್ಟೇ ಅದಕ್ಕೆ ಸಲ್ಲುತ್ತದೆ. ಕೀಲಿಕೈ, ರಿಮೋಟು ಬೀಳುವ ಟೀಪಾಯಿಗೆ ಅದನ್ನು ತಂದರೆ ಕುಶಲಕರ್ಮಿಗೆ ಅವಮಾನ ಮಾಡಿದಂತೆ ಎನಿಸಿ ಬಿಟ್ಟುಬಂದೆ. ಬೆಲೆಯೂ ಹಿತ್ತಾಳೆಯದರ ಹಲವು ಪಟ್ಟಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮನೆಯ ಬೇರೆ ಜಾಗಗಳಲ್ಲೂ ಹರಿವಾಣವನ್ನು ಇಟ್ಟು ನೋಡಿದೆ. ಒಲೆಯ ಪಕ್ಕ ಎಣ್ಣೆ ಬಾಟಲಿಗಳಿಗೆ ಇದು ಬೇಡ. ಜಿಡ್ಡು ಕುಳಿತು ಎರಡೇ ದಿನದಲ್ಲಿ ಮಂಕಾಯಿತು, ಅಲ್ಲಿಗೆ ಸ್ಟೀಲಿನ ತಟ್ಟೆಯೇ ಸರಿ. ಕೈತೊಳೆಯುವ ಬೇಸಿನ್ ಬಳಿಯೂ ಬೇಡ. ತಿಂಡಿಯನ್ನು ನೇರವಾಗಿ ಇದರ ಮೇಲೆ ಬಡಿಸಬಾರದು. ಕಲಾಯಿಯಿಲ್ಲದ ಹಿತ್ತಾಳೆಗೆ ಮೊಸರು, ನಿಂಬೆ, ಹುಣಸೆಯ ಪದಾರ್ಥ ತಾಗಿದರೆ ಕಿಲುಬೇಳುತ್ತದೆ. ಆದರೆ ವರಮಹಾಲಕ್ಷ್ಮಿ ಹಬ್ಬದ ಸಂಜೆ ಗಿಂಡಿ, ಡಬ್ಬಿಗಳನ್ನು ಇಳಿಸಿ ಅರಿಸಿನ ಕುಂಕುಮದ ಬಟ್ಟಲು, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಜೋಡಿಸಿದಾಗ ಅದು ನಿಮಿಷದೊಳಗೆ ತನ್ನ ಹಳೆಯ ಕೆಲಸಕ್ಕೆ ಮರಳಿತು. ಬಂದವರಲ್ಲಿ ಇಬ್ಬರು ಎಲ್ಲಿ ಕೊಂಡಿರೆಂದು ವಿಚಾರಿಸಿದರು. ಅಂಗಡಿಯ ದಾರಿಯ ಜೊತೆಗೆ ಅಯಸ್ಕಾಂತವನ್ನೂ ಕೊಟ್ಟು ಕಳುಹಿಸಿದ್ದೇನೆ.

ಮೊದಲನೆಯ ಗಿಲೀಟಿನ ತಟ್ಟೆ ಈಗ ಚಪ್ಪಲಿ ಗೂಡಿನ ಕೆಳಗಿನ ಅಂತಸ್ತಿನಲ್ಲಿ ಪಾಲಿಶಿನ ಡಬ್ಬಿ ಮತ್ತು ಬ್ರಷ್ಷುಗಳನ್ನು ಹೊತ್ತುಕೊಂಡಿದೆ. ಅಲ್ಲಿ ಅದರ ತುಕ್ಕನ್ನು ಯಾರೂ ಗಮನಿಸಿಲ್ಲ.