ದರಕು ಹಾರಿಸುವ ಬ್ಲೋವರ್: ಒಂದು ಬೇಸಿಗೆ ಹೊತ್ತ ಮೇಲೆ

ಕಳೆದ ಡಿಸೆಂಬರ್‌ನಲ್ಲಿ ಶಿರಸಿ ಪೇಟೆಯಿಂದ 14,500 ರೂಪಾಯಿ ಕೊಟ್ಟು ದರಕು, ಅಂದರೆ ಉದುರಿದ ಒಣ ಎಲೆ, ಹಾರಿಸಲು ಈ ಬೆನ್ನಿಗೆ ಹೊರುವ ಪೆಟ್ರೋಲ್ ಬ್ಲೋವರ್ ತಂದೆ. ನಮ್ಮದು ತೋಟದ ಮೇಲ್ಗಡೆ ಮೂರೂವರೆ ಎಕರೆ. ಅಪ್ಪ ಹಚ್ಚಿದ ತೇಗ, ನಡುನಡುವೆ ಮತ್ತಿ, ಹೊನ್ನೆ. ಮೇಲಿನ ಅಂಚಿಗೇ ರಸ್ತೆ. ಬೀಡಿ ಸೇದಿ ಎಸೆಯುವವರ ದಾರಿಯೂ ಅದೇ.

ಮೊದಲೇ ಹೇಳಿಬಿಡುತ್ತೇನೆ, ಬೆಂಕಿ ಲೈನು (ಬೆಂಕಿ ಒಳಗೆ ದಾಟದಂತೆ ಅಂಚಿಗೆ ಬೋಳಾಗಿಡುವ ಪಟ್ಟಿ) ಹೊಸದಾಗಿ ಮಾಡಲು ಇದು ಬರುವುದಿಲ್ಲ. ಕರಡದ ಹುಲ್ಲು, ಲಂಟಾನ ಸವರಲು ಕತ್ತಿಯೇ ಬೇಕು, ಇಲ್ಲವೇ ಬ್ರಷ್ ಕಟರ್. ಜನವರಿಯಲ್ಲಿ ಹತ್ತು ಅಡಿ ಅಗಲ ಸವರಿಸಿದ್ದೆ. ತೇಗ ಎಲೆ ಉದುರಿಸುವುದು ಅದಾದ ಮೇಲೂ ನಿಲ್ಲುವುದಿಲ್ಲವಲ್ಲ, ಹದಿನೈದು ದಿನಕ್ಕೆ ಲೈನೇ ಕಾಣದು. ಬ್ಲೋವರ್ ಬೇಕಾಗುವುದು ಆವಾಗ. ಇಬ್ಬರು ಆಳು ದಿನವಿಡೀ ಗುಡಿಸುತ್ತಿದ್ದುದನ್ನು ನಾನೊಬ್ಬನೇ ಎರಡು ತಾಸಿನಲ್ಲಿ ಮುಗಿಸುತ್ತೇನೆ. ಇಬ್ಬನಿಗೆ ನೆನೆದ ತೇಗದೆಲೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಹತ್ತು ಗಂಟೆ ದಾಟಲಿ, ಹಪ್ಪಳದಂತೆ ಗರಗರ ಎನ್ನುತ್ತ ಹಾರುತ್ತದೆ. ಲೈನಿನ ಮೇಲಷ್ಟೇ ಹೊಡೆಯಿರಿ. ಒಳಗಿನ ದರಕನ್ನೂ ಬಳಿದರೆ ನೆಲದ ತೇವ ಹೋಗುತ್ತದೆ.

ಅಂಗಡಿಯವರು "ಹೆಗಡೇರೇ, ಟ್ಯಾಂಕ್ ಕಿಟ್ಟೂ ತಗಳಿ, ತೇಗದ ಹುಳಕ್ಕೂ ಔಷಧಿ ಹೊಡಿಲಕ್ಕು" ಅಂದರು. ತಗೊಳ್ಳಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬರುವ ಆ ಹುಳ ಮರವನ್ನು ಬೋಳು ಮಾಡುವುದು ನಿಜ, ಆದರೆ ಮರ ಮತ್ತೆ ಚಿಗುರುತ್ತದೆ. ಆ ವರ್ಷದ ಬೆಳವಣಿಗೆ ಕುಂಠಿತ, ಅಷ್ಟೆ. ನಲವತ್ತು ಅಡಿ ಎತ್ತರದ ಕೊಂಬೆಗೆ ಔಷಧಿ ಮುಟ್ಟಿಸುವ ಭರವಸೆಯೂ ನನಗಿಲ್ಲ.

ತೂಕ ಹತ್ತು ಕೆಜಿ ಚಿಲ್ಲರೆ. ಇಳಿಜಾರಿನಲ್ಲಿ ಸೊಂಟ ಹಿಡಿಯುತ್ತದೆ. ಎರಡನೇ ತಿಂಗಳಿಗೇ ಸ್ಟಾರ್ಟ್ ಮಾಡುವ ಹಗ್ಗ ಕಿತ್ತು ಕೈಗೆ ಬಂತು. ಸರ್ವಿಸ್‌ನವರದ್ದು ವಾರವಿಡೀ "ನಾಳೆ ಬತ್ತಿ". ಕೊನೆಗೆ ಬೈಕ್ ಮೆಕ್ಯಾನಿಕ್ ಎಂಬತ್ತು ರೂಪಾಯಿಗೆ ಹಾಕಿಕೊಟ್ಟ. ಇನ್ನೊಂದು ಮಾತು: ಸೈಲೆನ್ಸರ್ ಕಾದಿರುವಾಗ ದರಕಿನ ಮೇಲೆ ಇಳಿಸಬೇಡಿ. ನಾನು ಒಮ್ಮೆ ಇಳಿಸಿ, ಹೊಗೆ ಕಂಡು, ಕುಡಿಯುವ ನೀರನ್ನೆಲ್ಲ ಸುರಿದೆ.

ಮಾರ್ಚ್ ಕೊನೆಗೆ ರಸ್ತೆ ಕಡೆಯಿಂದ ಬೆಂಕಿ ಬಂದೇ ಬಂತು. ಲೈನಿನುದ್ದಕ್ಕೂ ಬಂದು ಸತ್ತಿತು, ಒಂದು ಕಡೆ ಬಿಟ್ಟು. ಅಲ್ಲಿ ಅಡ್ಡ ಬಿದ್ದಿದ್ದ ಒಣ ಮತ್ತಿ ದಿಮ್ಮಿಯನ್ನು "ನಾಳೆ ಕೊಯ್ಸಿದರಾಯ್ತು" ಎಂದು ನಾನೇ ಬಿಟ್ಟಿದ್ದೆ. ಅದು ಹೊತ್ತಿ, ಬೆಂಕಿ ಒಳಗೆ ದಾಟಿತು. ಹಸಿ ಸೊಪ್ಪಿನಲ್ಲಿ ಬಡಿದು ಆರಿಸುವಷ್ಟರಲ್ಲಿ ಹನ್ನೊಂದು ತೇಗದ ಬುಡ ಕಪ್ಪಾಗಿತ್ತು. ಅದಕ್ಕೆ ಮಷಿನ್ನನ್ನು ಬೈಯುವಂತಿಲ್ಲ.

ಐದಕ್ಕೆ ಮೂರೂವರೆ. ಒಂದು ಹಗ್ಗಕ್ಕೆ ಕಡಿತ, ಅರ್ಧ ಸೊಂಟಕ್ಕೆ.